“ಉಸಿರಾಡ್ಲಿಕತ್ತಾನ, ಮುಟ್ಟಬ್ಯಾಡ್ರಿ”

ಹೋದ ಬ್ಯಾಸಿಗೆಯ ಒಂದು ಮಧ್ಯಾಹ್ನ ಕಲಬುರಗಿ ಬಸ್ ನಿಲ್ದಾಣದ ಹೊರಗಿನ ಚಹಾದಂಗಡಿಯ ಮುಂದೆ ನಿಂತಿದ್ದೆ. ಐವತ್ತರ ಆಸುಪಾಸಿನ ಒಬ್ಬರು ಕೈಚೀಲದ ಸಮೇತ ಕುಸಿದುಬಿದ್ದರು. ನೋಡನೋಡುತ್ತ ಇಪ್ಪತ್ತು ಜನ ಸುತ್ತುಗಟ್ಟಿದರು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು, ಇನ್ನೊಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು, ಮತ್ತೊಬ್ಬರು ಅಂಗೈಯಲ್ಲಿ ಕೀಲಿಕೈ ಗೊಂಚಲು ಇಟ್ಟರು. ಬಿದ್ದವರ ಬಾಯಿ ಆಗೊಮ್ಮೆ ಈಗೊಮ್ಮೆ ತೆರೆದು ಗೊರ್ ಎನ್ನುತ್ತಿತ್ತು. “ಉಸಿರಾಡ್ಲಿಕತ್ತಾನ, ಮುಟ್ಟಬ್ಯಾಡ್ರಿ, ಹವಾ ಬಿಡ್ರಿ” ಎಂದು ಯಾರೋ ಕೂಗಿದರು. ನಾನೂ ಎರಡು ಹೆಜ್ಜೆ ಹಿಂದೆ ಸರಿದೆ. ಆಟೋದಲ್ಲಿ ಹಾಕಿಕೊಂಡು ಹೋದರು. ಬದುಕಲಿಲ್ಲವೆಂದು ಸಂಜೆ ಗೊತ್ತಾಯಿತು.

ಆ ಗೊರಗೊರ ಸದ್ದಿನ ಅರ್ಥ ತಿಳಿದದ್ದು ಆಮೇಲೆ. ಹೃದಯ ರಕ್ತ ನೂಕುವುದನ್ನು ನಿಲ್ಲಿಸಿದ ಮೇಲೂ ಮಿದುಳಿನ ಬುಡ ಕೆಲವು ನಿಮಿಷ ಹೀಗೆ ಬಾಯಿ ತೆರೆಸಬಹುದು. ನೀರಿನಿಂದ ಹೊರಬಿದ್ದ ಮೀನು ಬಾಯಿ ಬಿಡುವ ಹಾಗೆ. ಕರೆದರೆ ಓಗೊಡದ, ಸರಿಯಾಗಿ ಉಸಿರಾಡದ ಮನುಷ್ಯನಿಗೆ ಹವೆ ಬಿಟ್ಟರೆ ಏನೂ ಆಗದು. ಎದೆಯ ನಡುವೆ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಒಬ್ಬರು ಒತ್ತುತ್ತಿರುವಾಗ ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು, ಮೂರನೆಯವರು ಓಡಿಹೋಗಿ ಎಇಡಿ, ಅಂದರೆ ಹೃದಯಕ್ಕೆ ವಿದ್ಯುತ್ ಶಾಕ್ ಕೊಟ್ಟು ಲಯ ಸರಿಪಡಿಸುವ ಪೆಟ್ಟಿಗೆ ತರಬೇಕು. ನಮ್ಮಲ್ಲಿ ಈ ಮೂರನೆಯ ಕೆಲಸದ ಕಲ್ಪನೆಯೇ ಇನ್ನೂ ಬೇರೂರಿಲ್ಲ.

ಹಾರ್ಟ್ ಅಟ್ಯಾಕ್ ಎಂದರೆ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು. ಮನುಷ್ಯ ಎಚ್ಚರವಾಗಿದ್ದು ಎದೆ ಹಿಡಿದುಕೊಂಡು ಕೂತಿರಬಹುದು. ಹೃದಯ ಸ್ತಂಭನ, ಅಂದರೆ ಹೃದಯ ರಕ್ತ ನೂಕುವುದನ್ನೇ ನಿಲ್ಲಿಸುವುದು, ಬೇರೆ. ಹಲವು ಸಲ ಅದು ಹೃದಯದ ವಿದ್ಯುತ್ ಲಯ ಕೆಡುವುದರಿಂದ ಆಗುತ್ತದೆ. ಶರಣಬಸವೇಶ್ವರರ ಜಾತ್ರೆಯ ತೇರನ್ನು ನೆನೆಯಿರಿ. ನೂರಾರು ಕೈಗಳು ಒಟ್ಟಿಗೆ ಹಗ್ಗ ಎಳೆದಾಗ ತೇರು ಉರುಳುತ್ತದೆ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ, ಒಂದೊಂದು ಹೊತ್ತಿಗೆ ಜಗ್ಗಿದರೆ ಬೆವರು ಹರಿದೀತೇ ಹೊರತು ಗಾಲಿ ಕದಲದು. ಲಯ ತಪ್ಪಿದ ಹೃದಯದ ಕೋಶಗಳು ಹೀಗೆಯೇ ತಮಗೆ ತೋಚಿದಂತೆ ಅದುರುತ್ತಿರುತ್ತವೆ. ಆಗ ಒಬ್ಬ ಹಿರಿಯ “ಎಲ್ಲಾರೂ ಬಿಡ್ರೀ” ಎಂದು ಗದರಿದರೆ ಹಗ್ಗ ಸಡಿಲಾಗಿ, ಮುಂದಿನ ಕೂಗಿಗೆ ಎಲ್ಲರೂ ಕೂಡಿ ಎಳೆಯುತ್ತಾರಲ್ಲ, ಎಇಡಿಯ ಶಾಕ್ ಮಾಡುವುದು ಅದನ್ನೇ. ಅದುರುವುದೂ ನಿಂತುಹೋದ ಹೃದಯವನ್ನು ಅದು ಎಬ್ಬಿಸುವುದಿಲ್ಲ. ಗದ್ದಲವನ್ನು ಒಂದು ಗಳಿಗೆ ತಣ್ಣಗಾಗಿಸಿ, ಹೃದಯದ ಸ್ವಂತ ಲಯಕ್ಕೆ ದಾರಿ ಬಿಡುತ್ತದೆ.

ಇದಕ್ಕಿರುವ ಸಮಯ ತೀರ ಕಡಿಮೆ. ಏನೂ ಮಾಡದೆ ನಿಂತರೆ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಕುಸಿಯುತ್ತದೆ. 1965ರಲ್ಲಿ ಬೆಲ್‌ಫಾಸ್ಟಿನ ವೈದ್ಯ ಫ್ರಾಂಕ್ ಪ್ಯಾಂಟ್ರಿಜ್ ಕಾರ್ ಬ್ಯಾಟರಿ ಜೋಡಿಸಿ, ಸುಮಾರು 70 ಕಿಲೋ ತೂಕದ ಶಾಕ್ ಯಂತ್ರವನ್ನು ಆಂಬ್ಯುಲೆನ್ಸಿಗೆ ಏರಿಸಿದ್ದು ಈ ನಿಮಿಷಗಳಿಗಾಗಿ. ಇಂದಿನ ಎಇಡಿ ಒಂದು ಊಟದ ಡಬ್ಬಿಯ ಚೀಲದಷ್ಟಿದೆ, ಮಾತಾಡುತ್ತದೆ. ಶಿಕಾಗೋದ ವಿಮಾನ ನಿಲ್ದಾಣಗಳಲ್ಲಿ ಇವನ್ನು ಗೋಡೆಗೆ ಹಾಕಿದ ಮೊದಲ ಎರಡು ವರ್ಷಗಳಲ್ಲಿ, ಶಾಕ್‌ನಿಂದ ಸರಿಹೋಗಬಹುದಾದ ಲಯದಲ್ಲಿದ್ದ 18 ಜನರಲ್ಲಿ 11 ಜನ ಬದುಕಿಕೊಂಡರು. ಅವರ ಪೈಕಿ 6 ಜನರನ್ನು ಉಳಿಸಿದವರಿಗೆ, ಕೆಲವರು ವೈದ್ಯರಾಗಿದ್ದರೂ, ಆ ಪೆಟ್ಟಿಗೆ ಬಳಸಿ ಅಭ್ಯಾಸವಿರಲಿಲ್ಲ.

ಇದನ್ನೆಲ್ಲ ಅದೇ ಚಹಾದಂಗಡಿಯಲ್ಲಿ ಹೇಳಿದಾಗ ಆಟೋದವರೊಬ್ಬರು ನೇರವಾಗಿ ಕೇಳಿದರು: “ಕರೆಂಟ್ ಕೊಟ್ಟು ಇದ್ದ ಜೀವಾನೂ ಹೋದ್ರ ಹೊಣಿ ಯಾರ್ರೀ?” ಊರಿನ ಭಯವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. ಉತ್ತರ ಯಂತ್ರದೊಳಗೇ ಇದೆ. ಪೆಟ್ಟಿಗೆಯ ಎರಡು ಅಂಟುವ ಪ್ಯಾಡ್‌ಗಳಲ್ಲಿ ಒಂದನ್ನು ಬಲಗಡೆ ಕೊರಳೆಲುಬಿನ ಕೆಳಗೆ, ಇನ್ನೊಂದನ್ನು ಎಡ ಕಂಕುಳ ಕೆಳಗಿನ ಪಕ್ಕೆಗೆ ಅಂಟಿಸಿದರೆ ಅದೇ ಹೃದಯದ ಲಯವನ್ನು ಓದುತ್ತದೆ. ಶಾಕ್ ಬೇಡದ ಲಯವೆಂದು ಕಂಡರೆ ನೀವು ಗುಂಡಿ ಒತ್ತಿದರೂ ಕೊಡುವುದಿಲ್ಲ. ಕೊಡುವ ಮುನ್ನ ಯಾರೂ ಮುಟ್ಟಬೇಡಿ ಎಂದು ಎಚ್ಚರಿಸುತ್ತದೆ. ಇನ್ನು ಕೇಸಿನ ಮಾತು. ಒಪ್ಪಿಗೆ ಕೇಳುವ ಸ್ಥಿತಿಯಲ್ಲಿಲ್ಲದವರ ಒಳಿತಿಗಾಗಿ ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಹಿಂದಿನ ಭಾರತೀಯ ದಂಡ ಸಂಹಿತೆಯ 92ನೇ ಕಲಂ ರಕ್ಷಣೆ ಕೊಟ್ಟಿತ್ತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ.

ಹೆಚ್ಚು ಕಾಡುವುದು ಇನ್ನೊಂದು ಹಿಂಜರಿಕೆ. ಬಿದ್ದವಳು ಹೆಣ್ಣುಮಗಳಾದರೆ? ಪ್ಯಾಡ್ ಬರಿಮೈಗೇ ಅಂಟಬೇಕು, ಬೆವರು ಒರೆಸಬೇಕು. ಬಜಾರದ ನಡುವೆ ಯಾವ ಗಂಡಸು ಕುಪ್ಪಸಕ್ಕೆ ಕೈ ಹಾಕಿಯಾನು? ಅಮೆರಿಕದಲ್ಲೂ ಸಾರ್ವಜನಿಕ ಜಾಗದಲ್ಲಿ ಬಿದ್ದ ಹೆಂಗಸರಿಗೆ ಎದೆ ಒತ್ತುವವರು ಗಂಡಸರಿಗೆ ಹೋಲಿಸಿದರೆ ಕಡಿಮೆಯೇ. ಆದರೆ ಜಾತ್ರೆಯಲ್ಲಿ ಹೆಂಗಸರು ಸೀರೆ ಹಿಡಿದು ಮರೆ ಮಾಡುವುದನ್ನು ನಾವು ಕಂಡಿಲ್ಲವೇ? ಇಬ್ಬರು ಹಾಗೆ ಸೀರೆ ಹಿಡಿದರೆ, ಕುಪ್ಪಸ ಕತ್ತರಿಸಿ ಪ್ಯಾಡ್ ಅಂಟಿಸಿ, ಮೇಲೆ ಸೆರಗು ಹೊದಿಸಬಹುದು. ತಾಳಿ ತೆಗೆಯಬೇಕಾಗಿಲ್ಲ. ಪ್ಯಾಡಿಗೆ ತಾಗದಂತೆ ಪಕ್ಕಕ್ಕೆ ಸರಿಸಿದರೆ ಆಯಿತು. ತರಬೇತಿ ಕೊಡುವವರು ಈ ಮಾತನ್ನು ಮೊದಲು ಹೆಣ್ಣುಮಕ್ಕಳಿಗೆ, ಸ್ವಸಹಾಯ ಸಂಘಗಳಿಗೆ ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಜನ ತಪಾಸಣೆಗೆಂದು ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಕಲಬುರಗಿಯಲ್ಲೂ 2024ರ ಡಿಸೆಂಬರಿನಲ್ಲಿ 371 ಹಾಸಿಗೆಗಳ ಜಯದೇವ ಉದ್ಘಾಟನೆಯಾಗಿದೆ. ಈ ಭಾಗಕ್ಕೆ ಅದು ದೊಡ್ಡ ಆಸರೆ. ಆದರೆ ಹೃದಯ ಸ್ತಂಭನವಾದವರನ್ನು ಅಲ್ಲಿಯವರೆಗೆ ಜೀವಂತ ಮುಟ್ಟಿಸುವುದು ಬಿದ್ದ ಜಾಗದಲ್ಲಿದ್ದವರ ಕೈಯಲ್ಲೇ ಇದೆ.

ಪೆಟ್ಟಿಗೆ ಬಂದರೂ ಎಲ್ಲಿ ಇಡುತ್ತೇವೆ ಎಂಬುದು ಮುಖ್ಯ. ಇಲ್ಲಿ ಮೇ ತಿಂಗಳಲ್ಲಿ ನೆರಳಲ್ಲೇ 43-44 ಡಿಗ್ರಿ ಮುಟ್ಟುವುದುಂಟು. ಸಾಮಾನ್ಯ ಎಇಡಿಗಳು ತಾಳುವುದು 50 ಡಿಗ್ರಿಯವರೆಗೆ. ಬಿಸಿಲಿಗೆ ಮುಖ ಮಾಡಿದ ತಗಡಿನ ಕಪಾಟಿನೊಳಗೆ ಅದು ದಾಟಿಹೋದೀತು, ಪ್ಯಾಡಿನ ಜೆಲ್ ಒಣಗೀತು. ಪ್ಯಾಡಿಗೂ ಬ್ಯಾಟರಿಗೂ ಅವಧಿಯಿದೆ, ತಿಂಗಳಿಗೊಮ್ಮೆ ನೋಡುವ ಒಬ್ಬರ ಹೆಸರು ಕಪಾಟಿನ ಮೇಲೇ ಇರಬೇಕು. ಕೊಳ್ಳುವಾಗಲೇ ಯಂತ್ರ ಯಾವ ಭಾಷೆಯಲ್ಲಿ ಮಾತಾಡುತ್ತದೆ ಎಂದು ಕೇಳಬೇಕು. ಗಾಬರಿಯ ಹೊತ್ತಿನಲ್ಲಿ ನಮ್ಮ ಜನಕ್ಕೆ ಕನ್ನಡ, ಉರ್ದು ಬೇಕು. ಕಚೇರಿಯೊಳಗಿಟ್ಟು ಸಂಜೆ ಬೀಗ ಹಾಕಿದರಂತೂ ಇದ್ದೂ ಇಲ್ಲದಂತೆ.

ಚಹಾದಂಗಡಿಯ ಯಜಮಾನರು ಅಷ್ಟೂ ಹೊತ್ತು ಮಾತಾಡಿರಲಿಲ್ಲ. ಗ್ಲಾಸು ತೊಳೆಯುತ್ತಲೇ ಹಿಂದಿನ ಗೋಡೆ ತೋರಿಸಿದರು. “ಇಲ್ಲಿ ಬಿಸ್ಲು ಬೀಳಂಗಿಲ್ಲ. ರಾತ್ರಿ ಹನ್ನೆರಡರ ತನಕ ನಾ ಇರ್ತೀನಿ. ಹೆಂಗ ಹಚ್ಬೇಕಂತ ಒಂದ್ಸಲ ತೋರ್ಸಿಕೊಡ್ರಿ.”