ಖಯಾಲ್ ರೆಕಾರ್ಡಿಂಗಿನ ಲೌಡ್‌ನೆಸ್ ಅಳೆಯುವುದು, ಸರಿಮಾಡುವುದು

ಧಾರವಾಡದ ಸಂಗೀತ ಸಭೆಯೊಂದರ ಒಂದು ತಾಸಿನ ಖಯಾಲ್ ರೆಕಾರ್ಡಿಂಗ್ ತಗೊಳ್ಳಿ. ಮೊದಲು ಬರೀ ತಂಬೂರಿ, ಆಮೇಲೆ ವಿಲಂಬಿತ, ಕೊನೆಗೆ ದ್ರುತ್‌ನ ತಾನ್‌ಗಳ ಜೊತೆ ತಬಲಾ ಜೋರು. ಪೀಕ್ ಮೀಟರ್ ನೋಡಿದರೆ ತಬಲಾದ ಒಂದು ಪೆಟ್ಟು ಎಲ್ಲಿಗೆ ಮುಟ್ಟಿತು ಎಂಬುದಷ್ಟೇ ಗೊತ್ತಾಗುತ್ತದೆ, ಕಿವಿಗೆ ಒಟ್ಟು ಎಷ್ಟು ಜೋರು, ಅಂದರೆ ಲೌಡ್‌ನೆಸ್ ಎಷ್ಟು ಎಂಬುದಲ್ಲ. ಆ ಅಳತೆಗೆಂದೇ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯು 2006ರಲ್ಲಿ ಬಿಎಸ್ 1770 ಎಂಬ ಮಾನದಂಡ ತಂದಿತು. ಅದು ತೀರಾ ಕೆಳಗಿನ ಕಂಪನಾಂಕಗಳನ್ನು ಕತ್ತರಿಸಿ, 2 ಕಿಲೋಹರ್ಟ್ಸ್ ಆಚೆಗಿನದನ್ನು ಸುಮಾರು 4 ಡಿಬಿ ಎತ್ತಿ, ಆಮೇಲೆ ಸರಾಸರಿ ತೆಗೆಯುತ್ತದೆ. ಉತ್ತರ ಎಲ್‌ಯುಎಫ್‌ಎಸ್ ಎಂಬ ಮಾನದಲ್ಲಿ, ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ ಬರುತ್ತದೆ; ಸೊನ್ನೆಗೆ ಹತ್ತಿರವಾದಷ್ಟೂ ಜೋರು.

ನಮ್ಮ ಸಂಗೀತಕ್ಕೆ ಮುಖ್ಯವಾದದ್ದು ಗೇಟ್, ಅಂದರೆ ತೀರಾ ಮೆಲ್ಲಗಿನ ತುಣುಕುಗಳನ್ನು ಲೆಕ್ಕದಿಂದ ಬಿಡುವ ಜರಡಿ. ಮೀಟರ್ 400 ಮಿಲಿಸೆಕೆಂಡಿನ ತುಣುಕುಗಳನ್ನು ಅಳೆದು, −70ಕ್ಕಿಂತ ಕೆಳಗಿನವನ್ನು ಮೊದಲೇ ಬಿಡುತ್ತದೆ. ಉಳಿದವುಗಳ ಸರಾಸರಿ −26 ಬಂದರೆ, ಅದಕ್ಕಿಂತ 10 ಕೆಳಗೆ, ಅಂದರೆ −36ರ ಕೆಳಗಿನವನ್ನೂ ಬಿಡುತ್ತದೆ. −40ರಲ್ಲಿರುವ ಬರೀ ತಂಬೂರಿ ಹೀಗೆ ಲೆಕ್ಕದಿಂದ ಹೊರಗೆ. ಅದೇ ತಂಬೂರಿಯ ಭಾಗವನ್ನು ಕತ್ತರಿಸಿ ಬೇರೆಯಾಗಿ ಸರಿಮಾಡಿದರೆ ಅದು ತಾನ್‌ನಷ್ಟೇ ಜೋರಾಗುತ್ತದೆ. ಆದ್ದರಿಂದ ಇಡೀ ಕಛೇರಿಗೆ ಒಂದೇ ಅಳತೆ, ಒಂದೇ ಗೇನ್ (ಧ್ವನಿ ಏರಿಸುವ ಪ್ರಮಾಣ).

ಗುರಿ ಎಷ್ಟು? ಯುರೋಪಿನ ಪ್ರಸಾರಕ್ಕೆ ಅಲ್ಲಿನ ಪ್ರಸಾರಕರ ಒಕ್ಕೂಟ ಇಬಿಯುನ ಆರ್128 ಶಿಫಾರಸು ಹೇಳುವುದು −23, ಟ್ರೂ ಪೀಕ್ (ಅಲೆಯ ನಿಜವಾದ ತುತ್ತತುದಿ) −1 ಮೀರಬಾರದು. ಆ್ಯಪಲ್ ಪಾಡ್‌ಕಾಸ್ಟ್ −16 ಕೇಳುತ್ತದೆ, ಸ್ಪಾಟಿಫೈ ಮಾಮೂಲಾಗಿ −14ಕ್ಕೆ ನುಡಿಸುತ್ತದೆ.

ಈಗ ಲೆಕ್ಕ. ಫೈಲು −25.4, ಟ್ರೂ ಪೀಕ್ −6.2 ಇದೆ ಎನ್ನೋಣ. −16ಕ್ಕೆ ಒಯ್ಯಲು 9.4 ಡಿಬಿ ಬೇಕು, ಆಗ ಪೀಕ್ ಸೊನ್ನೆಯ ಮಿತಿ ದಾಟಿ +3.2ಕ್ಕೆ ಹೋಗಿ ತಬಲಾ ಒಡೆಯುತ್ತದೆ. ಪೀಕನ್ನು ಮಿತಿಯಲ್ಲಿ ತಡೆಯುವ ಲಿಮಿಟರ್ ಹಾಕಿದರೆ ಪ್ರತಿ ಪೆಟ್ಟಿನ ಮೊನೆ ಮೊಂಡಾಗುತ್ತದೆ. ಪೀಕ್ −1ಕ್ಕೆ ನಿಲ್ಲುವಂತೆ 5.2 ಡಿಬಿ ಮಾತ್ರ ಏರಿಸಿ, ಲೌಡ್‌ನೆಸ್ಸನ್ನು −20.2ಕ್ಕೆ ನಿಲ್ಲಿಸಿ. ಖಯಾಲ್‌ಗೆ ಇದೇ ಸರಿ. ಮೆಲ್ಲಗಿದ್ದದ್ದು ಮೆಲ್ಲಗೇ ಉಳಿಯಬೇಕು.

ಉಚಿತ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನಲ್ಲಿ ಲೌಡ್‌ನೆಸ್ ಸರಿಮಾಡುವ ಲೌಡ್‌ನಾರ್ಮ್ ಫಿಲ್ಟರನ್ನು ಒಂದೇ ಸುತ್ತಿನಲ್ಲಿ ಓಡಿಸಿದರೆ ಗೇನ್ ಹೊತ್ತುಹೊತ್ತಿಗೆ ಏರಿಳಿಯುತ್ತದೆ, ತಂಬೂರಿ ಉಬ್ಬುತ್ತದೆ. ಎರಡು ಸುತ್ತು ಮಾಡಿದರೂ ಎಚ್ಚರ: ಅದರ ಎಲ್‌ಆರ್‌ಎ (ಮೆಲ್ಲಗಿನದಕ್ಕೂ ಜೋರಿನದಕ್ಕೂ ಇರುವ ಅಂತರ) ಗುರಿ ಮೊದಲಿಗೆ 7 ಇರುತ್ತದೆ, ಖಯಾಲ್‌ನ ಎಲ್‌ಆರ್‌ಎ ಅದಕ್ಕಿಂತ ಹೆಚ್ಚಿದ್ದರೆ ಮತ್ತೆ ಏರಿಳಿತದ ದಾರಿಗೇ ಬೀಳುತ್ತದೆ. ಅಳತೆ ತೆಗೆದುಕೊಂಡು, ವಾಲ್ಯೂಮ್ ಫಿಲ್ಟರಿನಲ್ಲಿ 5.2 ಡಿಬಿ ಕೊಡುವುದೇ ಸುಲಭ.

ಹಳೇ ಮೊನೊ ಟೇಪು ಇದ್ದರೆ ಇನ್ನೊಂದು ಮಾತು: ಒಂದೇ ಚಾನೆಲ್ಲಿನ ಫೈಲು, ಅದನ್ನೇ ಎರಡು ಚಾನೆಲ್ಲಿಗೆ ಹಾಕಿದ್ದಕ್ಕಿಂತ 3 ಕಡಿಮೆ ತೋರಿಸುತ್ತದೆ. ಎರಡು ಚಾನೆಲ್ ಮಾಡಿಕೊಂಡೇ ಅಳೆಯಿರಿ.