ಮಿಶನರಿ ಪತ್ರ ಎಂದರೆ ಕಂಪನಿಯ ಗುಪ್ತ ವರದಿಯೇ?

ಪ್ರಶ್ನೆ: ನಮ್ಮ ಊರಿನ ಇತಿಹಾಸ ಬರೆಯಲು ಹೊರಟಿದ್ದೇನೆ. ಬಾಸೆಲ್ ಮಿಶನ್ ಪಾದ್ರಿಯೊಬ್ಬರು ನಮ್ಮ ಜಾತ್ರೆಯ ಬಗ್ಗೆ ಪತ್ರದಲ್ಲಿ ಬರೆದಿದ್ದಾರಂತೆ. ಅದನ್ನು ನಂಬಬಹುದೇ? ಅವರೆಲ್ಲ ಬ್ರಿಟಿಷರಿಗೆ ಸುದ್ದಿ ಮುಟ್ಟಿಸಲು ಬಂದ ಗೂಢಚಾರರಲ್ಲವೇ?

ಉತ್ತರ: ಕೊನೆಯ ವಾಕ್ಯದಿಂದಲೇ ಶುರು ಮಾಡುತ್ತೇನೆ. ಕೇಳುವವರ ಊರು ಬದಲಾಗುತ್ತದೆ, ಪಾದ್ರಿಯ ಹೆಸರು ಬದಲಾಗುತ್ತದೆ, ಆ ವಾಕ್ಯ ಮಾತ್ರ ಒಂದಕ್ಷರವೂ ಬದಲಾಗದೆ ಬರುತ್ತದೆ. ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕ ಇಟ್ಟಿಲ್ಲ.

ಮೊದಲನೆಯದಾಗಿ, ಈಸ್ಟ್ ಇಂಡಿಯಾ ಕಂಪನಿಗೆ ಮಿಶನರಿಗಳೆಂದರೆ ಬಹುಕಾಲ ತಲೆನೋವಾಗಿತ್ತು. ಧರ್ಮದ ತಂಟೆಗೆ ಹೋದರೆ ಜನ ತಿರುಗಿಬಿದ್ದಾರು, ವ್ಯಾಪಾರ ಕೆಟ್ಟೀತು ಎಂಬ ಭಯ. ಬಂಗಾಳಕ್ಕೆ ಬಂದ ಮಿಶನರಿ ವಿಲಿಯಂ ಕೇರಿ ಇಂಗ್ಲೆಂಡಿನವನೇ ಆದರೂ 1800ರಲ್ಲಿ ನೆಲೆ ಕಂಡುಕೊಂಡದ್ದು ಡ್ಯಾನಿಶರ ವಶದಲ್ಲಿದ್ದ ಸೆರಾಂಪುರದಲ್ಲಿ. ಕಂಪನಿಗೆ ಬ್ರಿಟಿಷ್ ಪಾರ್ಲಿಮೆಂಟ್ ಕೊಟ್ಟ 1813ರ ಸನದಿನಲ್ಲಿ (ಚಾರ್ಟರ್) ಮಿಶನರಿಗಳಿಗೆ ಬಾಗಿಲು ತೆರೆಯಿತು. ಹೊರದೇಶದವರಿಗೆ ಅದು ಸಲೀಸಾದದ್ದು 1833ರ ಸನದಿನಿಂದ. ಮರುವರ್ಷ, 1834ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅವರನ್ನು ಕಳಿಸಿದ ಸಂಸ್ಥೆ ಇದ್ದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಅಲ್ಲಿಂದ ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಜರ್ಮನರು.

ಎರಡನೆಯದಾಗಿ, ಅವರ ಪತ್ರಗಳು ಹೋಗುತ್ತಿದ್ದದ್ದು ಬಾಸೆಲ್‌ನ ಆಡಳಿತ ಸಮಿತಿಗೆ. ಭಾಷೆ ಜರ್ಮನ್, ಬರಹ ಆಗಿನ ಜರ್ಮನ್ ಮೋಡಿ, ಅಂದರೆ ಕೂಡಿಸಿ ಬರೆಯುವ ಅಕ್ಷರ. ಕುರೆಂಟ್ ಎನ್ನುತ್ತಾರೆ. ಅದರಲ್ಲಿ ‘ಇ’ (e) ಅಕ್ಷರ ನೋಡಲು ‘ಎನ್’ (n) ಥರವೇ ಇರುತ್ತದೆ. ‘ಯು’ (u) ಅಕ್ಷರವನ್ನು ಗುರುತಿಸಲೆಂದೇ ತಲೆಯ ಮೇಲೊಂದು ಕೊಂಕು ಎಳೆಯುತ್ತಿದ್ದರು. ಇಂದಿನ ಜರ್ಮನರೇ ಪಾಠ ಹೇಳಿಸಿಕೊಳ್ಳದೆ ಅದನ್ನು ಓದಲಾರರು. ಲಂಡನ್ನಿನ ದೊರೆಗೆ ಗುಟ್ಟು ಮುಟ್ಟಿಸಲು ಇದಕ್ಕಿಂತ ಸುತ್ತುಬಳಸಿನ ದಾರಿ ಇನ್ನೊಂದಿಲ್ಲ.

ಮೂರನೆಯದು 1914. ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರ ಈ ಜರ್ಮನ್ ಪಾದ್ರಿಗಳನ್ನು ಶತ್ರುದೇಶದ ಪ್ರಜೆಗಳೆಂದು ಬಂಧನದಲ್ಲಿಟ್ಟು, ಆಮೇಲೆ ಊರಿಗೆ ಅಟ್ಟಿತು. ಹಂಚಿನ ಕಾರ್ಖಾನೆ, ನೇಯ್ಗೆ ಶಾಲೆಗಳೆಲ್ಲ ಮಿಶನ್‌ನ ಕೈತಪ್ಪಿದವು. ತನ್ನ ಗೂಢಚಾರರನ್ನು ತಾನೇ ಹಿಡಿದು ಕೂಡಿಹಾಕುವ ಒಡೆಯನನ್ನು ನಾನಂತೂ ಕಂಡಿಲ್ಲ.

ಹಾಗೆಂದು ಅವರು ಆಳುವವರಿಗೆ ಬೆನ್ನು ಹಾಕಿ ಕುಳಿತಿದ್ದರು ಎಂದೂ ತಿಳಿಯಬೇಡಿ. ಬಾಸೆಲ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಹಳೆಯ ಕನ್ನಡ ಕಾವ್ಯಗಳನ್ನು ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ಹೊರತಂದದ್ದು ಕಂಪನಿಯಲ್ಲಿ ನ್ಯಾಯಾಧೀಶನಾಗಿದ್ದ ಕಾಸಮೇಜರ್ ಕೊಟ್ಟ ಹಣದಿಂದ. ಅಧಿಕಾರಿಗಳ ಪರಿಚಯ, ನೆರವು, ರಕ್ಷಣೆ ಎಲ್ಲವೂ ಇದ್ದವು. ಅದನ್ನು ಆಕ್ಷೇಪಿಸುವುದಾದರೆ ಧಾರಾಳವಾಗಿ ಆಕ್ಷೇಪಿಸಿ. ಆದರೆ ನೆರವು ಪಡೆಯುವುದು ಬೇರೆ, ಬೇಹುಗಾರಿಕೆ ಬೇರೆ.

ಇಷ್ಟು ಹೇಳಿದ ಮೇಲೆ ಯಾರಾದರೊಬ್ಬರು ಅಬ್ಬೆ ದುಬ್ವಾನ ಹೆಸರು ಎತ್ತಿಯೇ ಎತ್ತುತ್ತಾರೆ. ನಿಜ, ಮೈಸೂರು ಸೀಮೆಯಲ್ಲಿದ್ದ ಈ ಫ್ರೆಂಚ್ ಪಾದ್ರಿಯ ಹಸ್ತಪ್ರತಿಯನ್ನು 1807ರಲ್ಲಿ ಕಂಪನಿ 2,000 ವರಹ ಕೊಟ್ಟು ಕೊಂಡಿತು. ಅದೇನೂ ಗುಟ್ಟಾಗಿ ನಡೆದ ವ್ಯವಹಾರವಲ್ಲ, ಪುಸ್ತಕ ಅಚ್ಚಾಗಿ ಎಲ್ಲರ ಕೈಗೂ ಬಂತು. ಅದರ ದೋಷ ಬೇರೆ ಕಡೆ ಇದೆ: ‘ನಾನೇ ಕಂಡದ್ದು’ ಎಂಬ ಧಾಟಿಯಲ್ಲಿರುವ ಬಹಳಷ್ಟು ಭಾಗವನ್ನು ಕೇರ್ದು ಎಂಬ ಹಿಂದಿನ ತಲೆಮಾರಿನ ಪಾದ್ರಿಯ ಬರಹದಿಂದ ಎತ್ತಿಕೊಳ್ಳಲಾಗಿದೆ.

ನೀವು ಎಚ್ಚರವಾಗಿರಬೇಕಾದದ್ದು ಇಂಥ ಕಡೆ. ಬಾಸೆಲ್ ಪತ್ರಗಳ ವಿಷಯದಲ್ಲಿ ಗೂಢಚಾರನನ್ನು ಹುಡುಕಬೇಡಿ, ದಾನಿಯನ್ನು ಹುಡುಕಿ. 1828ರಿಂದ ಮಿಶನ್ ‘ಹೈಡನ್‌ಬೋಟೆ’ ಎಂಬ ಪತ್ರಿಕೆ ನಡೆಸುತ್ತಿತ್ತು. ಇಲ್ಲಿಂದ ಹೋದ ಪತ್ರಗಳನ್ನು ಕತ್ತರಿಸಿ, ತಿದ್ದಿ ಅದರಲ್ಲಿ ಹಾಕುತ್ತಿದ್ದರು. ಓದುವವರು ಅಲ್ಲಿನ ಹಳ್ಳಿಯ ಭಕ್ತರು. 1855ರಿಂದ ವಾರಕ್ಕೆ ಅರ್ಧ ಬಾಟ್ಸನ್, ಅಂದರೆ ಪುಡಿಗಾಸು, ಕೂಡಿಸಿ ಕೊಡುತ್ತಿದ್ದವರು. ಅವರ ಮನ ಕರಗಬೇಕಾದರೆ ಇಲ್ಲಿನ ಕತ್ತಲೆ ದಟ್ಟವಾಗಿಯೇ ಇರಬೇಕು, ನಡುನಡುವೆ ಬೆಳಕೂ ಮಿನುಗಬೇಕು. 1840ರ ಆಸುಪಾಸಿನಲ್ಲಿ ಹುಬ್ಬಳ್ಳಿ ಧಾರವಾಡದ ಕಡೆ ಕಾಲಜ್ಞಾನವನ್ನು ನಂಬುವ ಪಂಥದವರು ಪಾದ್ರಿಗಳ ಬಳಿಗೆ ಬಂದಾಗ, ಊರಿಗೆ ಊರೇ ಮತಾಂತರವಾಗಿಬಿಡುತ್ತದೆ ಎಂಬ ಆಸೆ ಹುಟ್ಟಿತು. ಗದಗದ ಹತ್ತಿರದ ಮಲ್ಲಸಮುದ್ರದಲ್ಲಿ ಅವರಿಗಾಗಿ ಬೇಸಾಯದ ನೆಲೆಯನ್ನೂ ಎಣಿಸಿದರು. ಎಣಿಸಿದ್ದು ಆಗಲಿಲ್ಲ. ಅಂಥ ಉತ್ಸಾಹದ ಪತ್ರವೊಂದನ್ನೇ ಹಿಡಿದು ಇತಿಹಾಸ ಬರೆದರೆ ನಡೆಯದೇ ಹೋದದ್ದನ್ನು ನಡೆಯಿತೆಂದು ಬರೆದಂತಾಗುತ್ತದೆ. ಮುಂದಿನ ಎರಡು ವರ್ಷದ ಪತ್ರಗಳನ್ನೂ ಓದಿ.

ಇನ್ನು ನಿಮ್ಮ ಜಾತ್ರೆ. ವಿಶೇಷಣಗಳನ್ನು ಬದಿಗಿಡಿ, ‘ಸಾವಿರಾರು ಜನ’ ಎಂಬ ಲೆಕ್ಕವನ್ನೂ ನಂಬಬೇಡಿ. ಮಳೆ ಬಂತು, ದೋಣಿ ಸಿಗಲಿಲ್ಲ, ಛತ್ರದಲ್ಲಿ ಜಾಗ ಕೊಡಲಿಲ್ಲ ಎಂಬಂಥ ಮಾತುಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸುಳ್ಳು ಹೇಳಿ ಲಾಭವಿಲ್ಲದ ಸಂಗತಿಗಳು ಅವು. ಪತ್ರದ ತಾರೀಖನ್ನು ಹಳೆಯ ಪಂಚಾಂಗಕ್ಕೆ ಹೊಂದಿಸಿ ನೋಡಿ. ಜಾತ್ರೆಯ ತಿಥಿಗೂ ಅದಕ್ಕೂ ತಿಂಗಳುಗಟ್ಟಲೆ ಅಂತರವಿದ್ದರೆ ಅವರು ನೆನಪಿನಿಂದ ಬರೆದಿದ್ದಾರೆ. ಮುಪ್ಪಿನಲ್ಲಿ ಬರೆದ ಆತ್ಮಕಥನವಾದರಂತೂ ಕೇಳುವುದೇ ಬೇಡ.

ನೀವು ಕೇಳದ ಒಂದು ಮಾತು: ಪಾದ್ರಿಗಳ ಹೆಂಡತಿಯರು ಬರೆದದ್ದನ್ನು ಯಾರೂ ಏಕೆ ಕೇಳುವುದಿಲ್ಲ? ಮದುವೆಗೂ ಬಾಸೆಲ್‌ನ ಅಪ್ಪಣೆ ಬೇಕಿತ್ತು. ಎಷ್ಟೋ ಹುಡುಗಿಯರು ಮುಖ ನೋಡದ ಗಂಡನಿಗಾಗಿ ಹಡಗು ಹತ್ತಿದರು. ಹುಟ್ಟಿದ ಮಕ್ಕಳು ಐದಾರು ವರ್ಷವಾಗುತ್ತಲೇ ಓದಿಗೆಂದು ಯುರೋಪಿಗೆ ಹೋಗಬೇಕು. 1853ರಲ್ಲಿ ಬಾಸೆಲ್‌ನಲ್ಲಿ ಅದಕ್ಕೆಂದೇ ಒಂದು ಮನೆ ತೆರೆದರು. ಆಮೇಲೆ ತಾಯಿ ಮಕ್ಕಳ ನಡುವೆ ಉಳಿಯುತ್ತಿದ್ದದ್ದು ಟಪಾಲು ಮಾತ್ರ. ತಲಶ್ಶೇರಿಯಲ್ಲಿದ್ದ ಬಾಸೆಲ್ ಪಾದ್ರಿ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ (Marie) 1842ರಲ್ಲಿ ಅಲ್ಲಿಯೇ ಹುಟ್ಟಿದವಳು. ಎಳವೆಯಲ್ಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಬಂದರು. 1857ರಲ್ಲಿ ಹದಿನೈದರ ಹುಡುಗಿಯಾಗಿ ಅವಳು ಮತ್ತೆ ತಂದೆತಾಯಿಯರ ಬಳಿಗೆ ಬಂದಳು. ಮುಂದೆ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿಯಾದದ್ದು ಇವಳೇ. ಅವಳ ದಿನಚರಿಗಳು ಉಳಿದಿವೆ.

ಮಕ್ಕಳಿಗೆ ಬರೆಯುವಾಗ ಎದುರಿಗೆ ಸಮಿತಿಯೂ ಇಲ್ಲ, ದಾನಿಯೂ ಇಲ್ಲ. ನಿಮ್ಮ ಜಾತ್ರೆಯ ತೇರು ಅಂಥ ಕಾಗದವೊಂದರಲ್ಲಿ ಸಿಕ್ಕಿದರೆ ನನಗೂ ತಿಳಿಸಿ.