ಶರಿಯಾ ಫಂಡಿಗೆ ಲಕ್ಷ ಹಾಕಿದರೆ ತಿಂಗಳಿಗೆ ಎಷ್ಟು ಬರುತ್ತೆ?

ಹಾಸನದ ಪೆನ್ಶನ್ ಮೊಹಲ್ಲಾದ ಓದುಗರೊಬ್ಬರು ಕೇಳಿದ್ದಾರೆ: "ಸಾರ್, ಶರಿಯಾಗೆ ಒಪ್ಪುವ ಕಂಪನಿಗಳ ಶೇರುಗಳನ್ನೆಲ್ಲ ಸೇರಿಸಿ ಫಂಡ್ ಮಾಡಿದ್ದಾರಂತಲ್ಲ. ಒಂದು ಲಕ್ಷ ಹಾಕಿದರೆ ತಿಂಗಳಿಗೆ ಎಷ್ಟು ಕೊಡ್ತಾರೆ?"

ಇಷ್ಟೇ ಅಂತ ಏನೂ ಕೊಡಲ್ಲ. ತಿಂಗಳಿಗೂ ಇಲ್ಲ, ವರ್ಷಕ್ಕೂ ಇಲ್ಲ. ಇದನ್ನು ಎಷ್ಟು ಸಲ ಬರೆದರೂ ಅದೇ ಪ್ರಶ್ನೆ ಇನ್ನೊಬ್ಬರ ಹೆಸರಲ್ಲಿ ಮತ್ತೆ ಬರುತ್ತದೆ.

ಫಂಡ್‌ಗಳಿರುವುದು ನಿಜ. ಟಾಟಾ ಎಥಿಕಲ್, 2009ರಲ್ಲಿ ಶುರುವಾದ ಟಾರಸ್ ಎಥಿಕಲ್, ನಿಪ್ಪಾನ್‌ನವರ ಶರಿಯಾ ಬೀಸ್. ಮೊದಲೆರಡರ ಹೆಸರಲ್ಲಿ ಶರಿಯಾ ಎಂಬ ಪದ ಇಲ್ಲ, ಅದಕ್ಕೇ ಎಷ್ಟೋ ಜನರ ಕಣ್ಣಿಗೆ ಬೀಳಲ್ಲ. ಮುಸ್ಲಿಮರಲ್ಲದವರೂ ತಗೋಬಹುದು, ಯಾರೂ ಜಾತಿ ಕೇಳಲ್ಲ.

ಈಗ ಆ "ತಿಂಗಳಿಗೆ ಎಷ್ಟು" ವಿಷಯ. ಹಲಾಲ್ ಹೂಡಿಕೆ, ಅಂದರೆ ಶರಿಯಾ ಒಪ್ಪುವ ಹೂಡಿಕೆಯಲ್ಲಿ ನಷ್ಟವೇ ಇರಲ್ಲ ಎಂಬ ನಂಬಿಕೆ ಎಲ್ಲಿಂದ ಬಂತೋ, ಬಿಡಿಸಲು ಹೋದವರ ಮೇಲೇ ಜನ ಸಿಟ್ಟಾಗುತ್ತಾರೆ. ನಿಜ ತದ್ವಿರುದ್ಧ. ಹಾಕಿದ ಅಸಲು ಹಣಕ್ಕೆ ಖಾತರಿ ಕೊಟ್ಟು, ಮೇಲೆ ಲಕ್ಷಕ್ಕೆ ಇಂತಿಷ್ಟು ಅಂತ ಗೊತ್ತು ಮಾಡಿದರೆ ಅದಕ್ಕೆ ಲಾಭ ಅಂತ ಹೆಸರಿಟ್ಟರೂ ಬಡ್ಡಿಯೇ. ಬೇಡ ಅಂತ ಶರಿಯಾ ಹೇಳುವುದೇ ಅದನ್ನು. ದುಡ್ಡು ಹಾಕಿದವನು ಲಾಭದಲ್ಲಿ ಪಾಲು ತಗೋಬೇಕಾದರೆ ನಷ್ಟಕ್ಕೂ ತಯಾರಿರಬೇಕು. ಆಲೂಗಡ್ಡೆ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ ಕೊಟ್ಟವರಿಗೆ ಇದನ್ನು ನಾನು ಹೇಳಿಕೊಡಬೇಕಾ? ಬೆಳೆ ಬಂದರೆ ಇಬ್ಬರಿಗೂ ಪಾಲು, ಅಂಗಮಾರಿ ರೋಗ ಬಿದ್ದರೆ ಇಬ್ಬರ ಕೈಯೂ ಖಾಲಿ.

ಬೆಂಗಳೂರಿನ ಐಎಂಎ ನೆನಪಿದೆ ಅಲ್ವಾ? ಹಲಾಲ್ ಅಂತಲೇ ಹೇಳಿಕೊಂಡು ತಿಂಗಳು ತಿಂಗಳು "ಲಾಭ" ಹಂಚುತ್ತಿದ್ದ ಕಂಪನಿ. 2019ರ ಜೂನ್‌ನಲ್ಲಿ ಬಾಗಿಲು ಹಾಕಿತು. ಶಿವಾಜಿನಗರದ ಕಚೇರಿ ಮುಂದೆ ಸಾವಿರಾರು ಜನ ರಸೀದಿ ಹಿಡಿದು ನಿಂತರು. ಅದು ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಣಿಯಾದ ಮ್ಯೂಚುವಲ್ ಫಂಡ್ ಆಗಿರಲಿಲ್ಲ. ನಿಮ್ಮ ವಾಟ್ಸಾಪ್‌ಗೆ "ಹಲಾಲ್, ಗ್ಯಾರಂಟಿ, ತಿಂಗಳಿಗೆ ಲಕ್ಷಕ್ಕೆ ಮೂರು ಸಾವಿರ" ಅಂತ ಬಂದರೆ ಮೊದಲನೇ ಪದ ಬಿಡಿ, ಎರಡನೆಯದನ್ನು ನೋಡಿ. ನಿಜವಾದ ಫಂಡಿನ ಫ್ಯಾಕ್ಟ್‌ಶೀಟ್, ಅಂದರೆ ಅದರ ವಿವರಗಳ ಹಾಳೆ ತೆಗೆದರೆ ರಿಸ್ಕೋಮೀಟರ್ ಅಂತ ಅರ್ಧಚಕ್ರದ ಚಿತ್ರ ಇರುತ್ತದೆ. ಈ ಫಂಡ್‌ಗಳಲ್ಲಿ ಮುಳ್ಳು ಬಲತುದಿಯಲ್ಲಿ, "ಅತಿ ಹೆಚ್ಚು ರಿಸ್ಕ್" ಅನ್ನುವ ಕಡೆ ನಿಂತಿರುತ್ತದೆ. ಅವರೇ ಬರೆದುಕೊಟ್ಟಿದ್ದಾರೆ, ಓದಬೇಕಷ್ಟೇ.

ಎಲ್ಲ ಥರದ ಕಂಪನಿ ಇರೋದರಿಂದ ರಿಸ್ಕ್ ಹಂಚಿಹೋಗುತ್ತೆ ಅನ್ನುವವರಿದ್ದಾರೆ. ಅರ್ಧ ಸರಿ. ಇಲ್ಲಿ ಎಲ್ಲ ಥರದ ಕಂಪನಿ ಇರಲ್ಲ. ದೇಶದ 50 ದೊಡ್ಡ ಕಂಪನಿಗಳ ಶೇರು ಸೂಚ್ಯಂಕ ನಿಫ್ಟಿ 50ರಲ್ಲಿ ದೊಡ್ಡ ತೂಕ ಎಚ್‌ಡಿಎಫ್‌ಸಿ, ಐಸಿಐಸಿಐಯಂಥ ಬ್ಯಾಂಕುಗಳದ್ದು. ಬಡ್ಡಿಯೇ ಅವುಗಳ ವ್ಯಾಪಾರ, ಹಾಗಾಗಿ ಅವೆಲ್ಲ ಹೊರಗೆ. ಇನ್ಶೂರೆನ್ಸ್, ಮದ್ಯದ ಕಂಪನಿಗಳಿಗೂ ಜಾಗ ಇಲ್ಲ, ಸಿಗರೇಟಿನಿಂದಾಗಿ ಐಟಿಸಿಗೂ ಇಲ್ಲ. ಉಳಿದವರಲ್ಲಿ ಸಾಲ ಜಾಸ್ತಿ ಇರುವವರನ್ನೂ ತೆಗೆಯುತ್ತಾರೆ. ಸಾಲದ ಮಿತಿಯನ್ನು ಒಂದು ಶರಿಯಾ ಸೂಚ್ಯಂಕ ಕಂಪನಿಯ ಒಟ್ಟು ಆಸ್ತಿಗೆ ಹೋಲಿಸಿ ನೋಡಿದರೆ, ಇನ್ನೊಂದು ಕಂಪನಿಯ ಎಲ್ಲ ಶೇರುಗಳ ಒಟ್ಟು ಮಾರುಕಟ್ಟೆ ಬೆಲೆಗೆ ಹೋಲಿಸುತ್ತದೆ. ಹಾಗಾಗಿ ಒಂದು ಪಟ್ಟಿಯಲ್ಲಿರುವ ಕಂಪನಿ ಇನ್ನೊಂದರಲ್ಲಿ ಇಲ್ಲದಿರಬಹುದು. ಕೊನೆಗೆ ಐಟಿ, ಔಷಧಿ, ಸೋಪು-ಪೇಸ್ಟಿನಂಥ ಕಂಪನಿಗಳ ಪಾಲು ಹೆಚ್ಚಾಗುತ್ತದೆ. ಬ್ಯಾಂಕ್ ಶೇರು ಓಡಿದ ವರ್ಷ ಈ ಫಂಡ್ ಹಿಂದೆ ಬೀಳಬಹುದು. ಐದಾರು ವರ್ಷ ಮುಟ್ಟದೆ ಬಿಡುವ ದುಡ್ಡಿದ್ದರೆ ಎಸ್‌ಐಪಿ ಮಾಡಿ, ಅಂದರೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಾಕಿ. ಮಗಳ ಮದುವೆಗೆ ಎತ್ತಿಟ್ಟಿದ್ದನ್ನು ಹಾಕಬೇಡಿ.

ಪ್ರಶ್ನೆ ಕಳಿಸಿದವರು ಇದನ್ನು ಕೇಳಿಲ್ಲ, ಆದರೂ ಒಂದು ಮಾತು. ಒಳ್ಳೆಯ ಕಂಪನಿಗೂ ಬ್ಯಾಂಕಿನಲ್ಲಿಟ್ಟ ಹಣಕ್ಕೆ ಚೂರುಪಾರು ಬಡ್ಡಿ ಬರುತ್ತದೆ. ಅದಕ್ಕೊಂದು ಸಣ್ಣ ಮಿತಿ ಇಟ್ಟು ಒಪ್ಪುತ್ತಾರೆ. ಹೂಡಿಕೆದಾರ ತನ್ನ ಲಾಭದಲ್ಲಿ ಸೇರಿರುವ ಆ ಬಡ್ಡಿಯ ಪಾಲನ್ನು ಲೆಕ್ಕ ಹಾಕಿ ದಾನ ಕೊಟ್ಟುಬಿಡಬೇಕು ಅನ್ನುವುದು ಸಾಮಾನ್ಯ ರೂಢಿ. ಅದು ಮುಸ್ಲಿಮರು ಕೊಡಲೇಬೇಕಾದ ಜಕಾತ್ ಎಂಬ ದಾನ ಅಲ್ಲ, ಜಕಾತಿನ ಲೆಕ್ಕ ಬೇರೆ. ಲಾಭ ಕೈಗೆ ಬರದೆ ಫಂಡಿನಲ್ಲೇ ಉಳಿಯುವ ಗ್ರೋತ್ ಆಪ್ಷನ್ ತಗೊಂಡವರು "ನಂಗೆ ಡಿವಿಡೆಂಡೇ ಬಂದಿಲ್ವಲ್ಲ, ಯಾವುದರಿಂದ ದಾನ ಕೊಡಲಿ" ಅನ್ನುತ್ತಾರೆ. ಕಂಪನಿಗಳು ಹಂಚಿದ ಲಾಭ ಬಂದಿದೆ, ನಿಮ್ಮ ಅಕೌಂಟಿಗೆ ಬರದೆ ಎನ್‌ಎವಿ, ಅಂದರೆ ಫಂಡಿನ ಒಂದು ಯೂನಿಟ್‌ನ ಬೆಲೆಯೊಳಗೇ ಸೇರಿದೆ. ಎಷ್ಟು ಕೊಡಬೇಕು ಅಂತ ಧರ್ಮದ ನಿಯಮ ತಿಳಿಸುವ ಮುಫ್ತಿ ಸಾಹೇಬರನ್ನು ಕೇಳಲು ಹೋದಾಗ ಇದನ್ನೂ ಅವರಿಗೆ ಹೇಳಿ.